ಹಾರ್ಟಿನ ಗುಳಿಗೆ ಜೊತೆ ಖಿನ್ನತೆಯ ಗುಳಿಗೆ: ಏನು ನೋಡಬೇಕು, ಯಾರಿಗೆ ಹೇಳಬೇಕು

"ಅಪ್ಪಾಜಿಗೆ ಸ್ಟೆಂಟ್ ಹಾಕಿದ್ದಾರೆ. ಈಗ ಮನಸ್ಸಿನ ಡಾಕ್ಟ್ರು ಬೇರೆ ಗುಳಿಗೆ ಬರೆದಿದ್ದಾರೆ. ಎರಡೂ ಒಟ್ಟಿಗೆ ಕೊಡಬಹುದಾ?" ದಾವಣಗೆರೆಯಲ್ಲಿ ಔಷಧ ಅಂಗಡಿ ನಡೆಸುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೌಂಟರ್ ಮುಂದೆ ನಾಲ್ಕು ಜನ ಕಾಯುತ್ತಿರುವಾಗ ಇದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಹೇಳಿಬಿಡುತ್ತೇನೆ: ಹೌದು, ಹೆಚ್ಚಿನವರು ಎರಡನ್ನೂ ತೆಗೆದುಕೊಳ್ಳಬಹುದು. ಆದರೆ ಖಿನ್ನತೆಯ ಗುಳಿಗೆಗಳೆಲ್ಲ ಒಂದೇ ಥರ ಅಲ್ಲ, ಹಾರ್ಟಿನ ಗುಳಿಗೆಗಳೂ ಒಂದೇ ಥರ ಅಲ್ಲ. ಯಾವುದರ ಜೊತೆ ಯಾವುದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ವಾಕಿಂಗ್ ನಿಲ್ಲುತ್ತದೆ, ಹಾರ್ಟಿನ ಗುಳಿಗೆಯೂ ತಪ್ಪುತ್ತದೆ. ಹೃದಯಕ್ಕೆ ಅದರಿಂದಲೇ ಪೆಟ್ಟು. ಹೆದರಿಕೊಂಡು ಖಿನ್ನತೆಯ ಗುಳಿಗೆಯನ್ನು ಡ್ರಾಯರ್‌ನಲ್ಲಿ ಇಟ್ಟುಬಿಡುವವರೇ ಜಾಸ್ತಿ. ಅದು ಸುರಕ್ಷಿತ ದಾರಿ ಅಲ್ಲ.

ನಿಜವಾದ ತೊಂದರೆ ಇರುವುದು ಬೇರೆ ಕಡೆ. ಸ್ಟೆಂಟ್ ಹಾಕಿದ್ದು ಬೆಂಗಳೂರಿನಲ್ಲಿ. ಮನೋವೈದ್ಯರು ದಾವಣಗೆರೆಯಲ್ಲಿ. ಮಂಡಿ ನೋವಿಗೆ ಚನ್ನಗಿರಿಯ ಡಾಕ್ಟ್ರು. ಗ್ಯಾಸ್‌ಗೆ ಮೆಡಿಕಲ್‌ನಿಂದ ಕೇಳಿ ತಂದ ಕ್ಯಾಪ್ಸೂಲ್. ಈ ನಾಲ್ವರಲ್ಲಿ ಯಾರಿಗೂ ಪೂರ್ತಿ ಚಿತ್ರ ಗೊತ್ತಿಲ್ಲ. ಗೊತ್ತಿರಬಹುದಾದವರು ನೀವು ಮಾತ್ರ, ಅಂದರೆ ರೋಗಿ ಅಥವಾ ಮನೆಯಲ್ಲಿ ಗುಳಿಗೆ ಕೊಡುವವರು. ಕೆಳಗಿನ ಹಂತಗಳೆಲ್ಲ ಆ ಪೂರ್ತಿ ಚಿತ್ರವನ್ನು ಡಾಕ್ಟರ ಮುಂದೆ ಇಡುವುದಕ್ಕಾಗಿ. ಇದನ್ನು ಓದಿ ನೀವೇ ಗುಳಿಗೆ ಬದಲಿಸಬೇಡಿ, ನಿಲ್ಲಿಸಬೇಡಿ, ಡೋಸ್ ಕಡಿಮೆ ಮಾಡಬೇಡಿ.

1. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆಯಿರಿ: ಒಳಗಿರುವ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಬರೆದುಕೊಟ್ಟವರು ಯಾರು.

ಕಂಪನಿಯ ಹೆಸರು ಸಾಲದು. ಒಂದೇ ಔಷಧ ಹತ್ತಾರು ಕಂಪನಿ ಹೆಸರಲ್ಲಿ ಬರುತ್ತದೆ. ಜನೌಷಧಿ ಕೇಂದ್ರದಲ್ಲಿ ತಂದ ಸ್ಟ್ರಿಪ್ ಮೇಲೆ ಔಷಧದ ಹೆಸರೇ ದೊಡ್ಡದಾಗಿರುತ್ತದೆ. ಬೇರೆ ಕಂಪನಿಯ ಸ್ಟ್ರಿಪ್ ಆದರೆ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಕೆಲವರು ಎರಡೂ ಕಡೆ ತಂದು, ಬೇರೆ ಬೇರೆ ಗುಳಿಗೆ ಅಂದುಕೊಂಡು ಒಂದೇ ಔಷಧವನ್ನು ದಿನಕ್ಕೆ ಎರಡು ಸಲ ನುಂಗುತ್ತಿರುತ್ತಾರೆ.

ಇನ್ನೊಂದು ತೊಡಕು ಕತ್ತರಿಸಿದ ಸ್ಟ್ರಿಪ್. ಹತ್ತು ಗುಳಿಗೆ ಬೇಡ, ನಾಲ್ಕು ಸಾಕು ಅಂದಾಗ ಅಂಗಡಿಯವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೆಸರು ಒಂದು ತುಂಡಿಗೆ, ದಿನಾಂಕ ಇನ್ನೊಂದು ತುಂಡಿಗೆ ಹೋಗುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಬರೀ ಬೆಳ್ಳಿ ಹಾಳೆ. ಹೀಗೆ ಕೊಟ್ಟಾಗ ಅಲ್ಲೇ ನಿಂತು, ಕವರ್ ಮೇಲೆ ಹೆಸರು ಬರೆಸಿಕೊಳ್ಳಿ. ಹೆಸರು ಗೊತ್ತಾಗದ ಗುಳಿಗೆ ಮನೆಯಲ್ಲಿದ್ದರೆ ಅದನ್ನು ನುಂಗಬೇಡಿ, ಬಿಲ್ ಜೊತೆ ಅಂಗಡಿಗೆ ತನ್ನಿ.

ಜೋಡಿ ಗುಳಿಗೆಗಳನ್ನು ಬಿಡಿಸಿ ಬರೆಯುವುದು ಮುಖ್ಯ. ಬಿಪಿ ಗುಳಿಗೆಯ ಹೆಸರಿನ ಕೊನೆಗೆ ಎಚ್ ಅಕ್ಷರ ಇದ್ದರೆ ಸಾಮಾನ್ಯವಾಗಿ ಅದರೊಳಗೆ ಹೈಡ್ರೊಕ್ಲೋರೊಥಯಜೈಡ್ ಎಂಬ, ಮೂತ್ರ ಜಾಸ್ತಿ ಮಾಡುವ ಔಷಧವೂ ಇರುತ್ತದೆ. ಸ್ಟೆಂಟ್ ಆದವರಿಗೆ ಕೊಡುವ ಒಂದೇ ಕ್ಯಾಪ್ಸೂಲ್‌ನಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮೂರೂ ಇರಬಹುದು. "ಟೆನ್ಶನ್ ಗುಳಿಗೆ" ಎಂದು ಕೊಟ್ಟದ್ದರಲ್ಲಿ ಎಸ್ಸಿಟಾಲೋಪ್ರಾಮ್ ಜೊತೆ ಕ್ಲೊನಜೆಪಾಮ್ ಇರಬಹುದು. ಎದೆ ಡವಡವ ಎನ್ನುವುದಕ್ಕೆ ಕೊಟ್ಟದ್ದರಲ್ಲಿ ಪ್ರೊಪ್ರನೊಲಾಲ್ ಇರಬಹುದು. ಹಾರ್ಟಿಗೆ ಈಗಾಗಲೇ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರೆ, ಒಂದೇ ಜಾತಿಯ ಔಷಧ ಎರಡು ಆಯಿತು ಅಲ್ವಾ?

ಗುಳಿಗೆ ಅಲ್ಲದ್ದನ್ನೂ ಬರೆಯಿರಿ. ಹೊಳೆಮತ್ತಿ ಚಕ್ಕೆಯ ಕಷಾಯ, ಅಶ್ವಗಂಧ ಪುಡಿ, ನಾಟಿ ಔಷಧ, ಕೆಮ್ಮಿನ ಸಿರಪ್, ಕುಡಿತ. ಕುಡಿತವನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ.

ಪಟ್ಟಿ ಸಿದ್ಧವಾದ ಮೇಲೆ ಅದರ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲ್‌ನಲ್ಲಿ ಇಡಿ.

2. ಖಿನ್ನತೆಯ ಗುಳಿಗೆ ಯಾವ ಗುಂಪಿನದು ಎಂದು ಗುರುತಿಸಿ

ಮೊದಲ ಗುಂಪು ಎಸ್‌ಎಸ್‌ಆರ್‌ಐ. ಮೆದುಳಿನಲ್ಲಿ ಸಿರೊಟೊನಿನ್ ಎಂಬ ರಾಸಾಯನಿಕ ಹೆಚ್ಚು ಹೊತ್ತು ಕೆಲಸ ಮಾಡುವಂತೆ ನೋಡಿಕೊಳ್ಳುವ ಗುಳಿಗೆಗಳು ಇವು. ಸರ್ಟ್ರಲಿನ್, ಎಸ್ಸಿಟಾಲೋಪ್ರಾಮ್, ಸಿಟಾಲೋಪ್ರಾಮ್, ಫ್ಲೂಯೊಕ್ಸೆಟಿನ್, ಪ್ಯಾರೊಕ್ಸೆಟಿನ್, ಫ್ಲುವೊಕ್ಸಮಿನ್ ಈ ಗುಂಪಿಗೆ ಸೇರಿದವು. ಹೃದ್ರೋಗಿಗಳಿಗೆ ಡಾಕ್ಟರು ಮೊದಲು ಯೋಚಿಸುವುದು ಸಾಮಾನ್ಯವಾಗಿ ಸರ್ಟ್ರಲಿನ್ ಬಗ್ಗೆ. ಅದಕ್ಕೆ ಕಾರಣವಿದೆ. ಹಾರ್ಟ್ ಅಟ್ಯಾಕ್ ಅಥವಾ ತೀವ್ರ ಎದೆನೋವು ಆಗಿ ಆಸ್ಪತ್ರೆ ಸೇರಿದ್ದ 369 ಮಂದಿಗೆ ಸರ್ಟ್ರಲಿನ್ ಅಥವಾ ಔಷಧವಿಲ್ಲದ ಗುಳಿಗೆ ಕೊಟ್ಟು ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೃದಯದ ಪಂಪಿಂಗ್ ಶಕ್ತಿಗೆ ಅದರಿಂದ ತೊಂದರೆಯಾಗಲಿಲ್ಲ. ಹೃದಯ ಸೋತವರಲ್ಲಿ, ಅಂದರೆ ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದವರಲ್ಲಿ, ನಡೆದ ಇನ್ನೊಂದು ಅಧ್ಯಯನದಲ್ಲೂ ಅದು ಸುರಕ್ಷಿತವೆಂದೇ ಕಂಡಿತು, ಆದರೆ ಅವರ ಖಿನ್ನತೆಗೆ ಹೇಳಿಕೊಳ್ಳುವಷ್ಟು ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಇದು ಎಲ್ಲರಿಗೂ ಒಗ್ಗುವ ಮಂತ್ರವಲ್ಲ. ಮಾತುಕತೆಯ ಚಿಕಿತ್ಸೆ, ಅಂದರೆ ಕೌನ್ಸೆಲಿಂಗ್, ನಿಧಾನವಾಗಿ ಹೆಚ್ಚಿಸುವ ವಾಕಿಂಗ್, ಇವೂ ಜೊತೆಗೆ ಬೇಕು.

ಎರಡನೆಯದು ಹಳೆಯ ಗುಂಪು, ಟ್ರೈಸೈಕ್ಲಿಕ್. ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್, ಇಮಿಪ್ರಮಿನ್, ಡೋಸುಲೆಪಿನ್. ಇವು ಹೃದಯದೊಳಗೆ ವಿದ್ಯುತ್ ಹರಿಯುವ ವೇಗವನ್ನು ತಗ್ಗಿಸುತ್ತವೆ. ಹಾರ್ಟ್ ಅಟ್ಯಾಕ್ ಆಗಿ ಹೆಚ್ಚು ದಿನ ಆಗಿಲ್ಲದವರಿಗೆ, ಬಡಿತ ತಪ್ಪುವವರಿಗೆ ಇವು ಆಗಿಬರುವುದಿಲ್ಲ. ಇವು ಬೇರೆ ಹೆಸರಲ್ಲಿ ಮನೆ ಸೇರುತ್ತವೆ ಎನ್ನುವುದೇ ದೊಡ್ಡ ಅಪಾಯ. ತಲೆನೋವಿಗೆ, ಸಕ್ಕರೆ ಕಾಯಿಲೆಯವರ ಪಾದದ ಉರಿಗೆ, ನಿದ್ದೆಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಿರುತ್ತಾರೆ. ಮನೆಯವರು ಅದನ್ನು "ನರದ ಗುಳಿಗೆ" ಎನ್ನುತ್ತಾರೆ. ಗ್ಯಾಸ್, ಹೊಟ್ಟೆ ತೊಳಸುವುದಕ್ಕೆಂದು ಬರೆಯುವ ಕ್ಲೋರ್‌ಡಯಜೆಪಾಕ್ಸೈಡ್–ಅಮಿಟ್ರಿಪ್ಟಿಲಿನ್ ಜೋಡಿ, ಫ್ಲುಪೆಂಟಿಕ್ಸಾಲ್–ಮೆಲಿಟ್ರಾಸೆನ್ ಜೋಡಿ, ಇವುಗಳಲ್ಲೂ ಇದೇ ಜಾತಿಯ ಔಷಧ ಇದೆ. ಪಟ್ಟಿಯಲ್ಲಿ ಇವು ಕಂಡರೆ ಕೆಂಪು ಪೆನ್ನಿನಿಂದ ಗೆರೆ ಹಾಕಿ ಹಾರ್ಟ್ ಡಾಕ್ಟರಿಗೆ ತೋರಿಸಿ.

ಮೂರನೆಯದು ವೆನ್ಲಾಫ್ಯಾಕ್ಸಿನ್, ಡೆಸ್ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್. ಇವುಗಳಿಂದ ಬಿಪಿ ಏರಬಹುದು, ಮುಖ್ಯವಾಗಿ ವೆನ್ಲಾಫ್ಯಾಕ್ಸಿನ್ ಡೋಸ್ ಹೆಚ್ಚಾದಾಗ. ಬಿಪಿ ಮೊದಲೇ ಹತೋಟಿಯಲ್ಲಿ ಇಲ್ಲದವರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಮಿರ್ಟಾಜಪಿನ್ ಇವುಗಳಿಗಿಂತ ಬೇರೆ ಬಗೆಯದು. ನಿದ್ದೆ, ಹಸಿವು ಎರಡನ್ನೂ ತರುತ್ತದೆ. ಊಟ ಬಿಟ್ಟು ಸೊರಗಿದವರಿಗೆ ಒಳ್ಳೆಯದು, ತೂಕ ಇಳಿಸಬೇಕಾದವರಿಗೆ ಯೋಚಿಸಿ ಕೊಡಬೇಕು.

3. ಯಾವ ಜೋಡಿಗೆ ಏನು ಎಚ್ಚರ

ಈಗ ನಿಮ್ಮ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ.

*ರಕ್ತ ತೆಳುವಾಗುವ ಗುಳಿಗೆ ಮತ್ತು ಎಸ್‌ಎಸ್‌ಆರ್‌ಐ.* ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಟಿಕಾಗ್ರೆಲರ್, ಪ್ರಾಸುಗ್ರೆಲ್. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ತಮ್ಮ ಕೆಲಸಕ್ಕೆ ಸಿರೊಟೊನಿನ್ ಬಳಸುತ್ತವೆ. ಎಸ್‌ಎಸ್‌ಆರ್‌ಐ ಗುಳಿಗೆ ಆ ಕಣಗಳೊಳಗೆ ಸಿರೊಟೊನಿನ್ ಹೋಗದಂತೆ ತಡೆಯುತ್ತದೆ. ಆಸ್ಪಿರಿನ್ ಬೇರೆ ದಾರಿಯಲ್ಲಿ ಅದೇ ಕಣಗಳನ್ನು ತಡೆಯುತ್ತದೆ. ಎರಡೂ ಸೇರಿದಾಗ ರಕ್ತ ಬೀಳುವ ಸಂಭವ ಏರುತ್ತದೆ, ಅದರಲ್ಲೂ ಹೊಟ್ಟೆಯಲ್ಲಿ. ಹಾಗಂತ ಕೊಡಬಾರದು ಎಂದಲ್ಲ, ಸ್ಟೆಂಟ್ ಆದ ಎಷ್ಟೋ ಮಂದಿ ಎರಡನ್ನೂ ತೆಗೆದುಕೊಳ್ಳುತ್ತಿದ್ದಾರೆ. ಹಿಂದೆ ಹೊಟ್ಟೆ ಹುಣ್ಣು ಆಗಿದ್ದರೆ, ವಯಸ್ಸು ಹೆಚ್ಚಾಗಿದ್ದರೆ ಡಾಕ್ಟರು ಆಸಿಡ್ ಕಡಿಮೆ ಮಾಡುವ ಗುಳಿಗೆಯನ್ನೂ ಸೇರಿಸುತ್ತಾರೆ.

ಆ ಆಸಿಡ್ ಗುಳಿಗೆ ಯಾವುದು ಎನ್ನುವುದೂ ಮುಖ್ಯ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಎರಡು ಕಡೆ ಕೈ ಹಾಕುತ್ತವೆ. ಕ್ಲೊಪಿಡೊಗ್ರೆಲ್ ಲಿವರ್‌ನಲ್ಲಿ ಹೋಗಿ ಬದಲಾದ ಮೇಲಷ್ಟೇ ಕೆಲಸ ಮಾಡುವ ಔಷಧ. ಇವು ಆ ಬದಲಾವಣೆಗೆ ಅಡ್ಡ ಬರುತ್ತವೆ. ಅದೇ ಹೊತ್ತಿಗೆ ಸಿಟಾಲೋಪ್ರಾಮ್, ಎಸ್ಸಿಟಾಲೋಪ್ರಾಮ್ ರಕ್ತದಲ್ಲಿ ಜಾಸ್ತಿ ಉಳಿಯುವಂತೆಯೂ ಮಾಡುತ್ತವೆ. ಪಾಂಟೊಪ್ರಜೋಲ್‌ನಲ್ಲಿ ಈ ತೊಂದರೆ ಕಡಿಮೆ. ಖಿನ್ನತೆಯ ಗುಳಿಗೆಗಳಲ್ಲೂ ಫ್ಲುವೊಕ್ಸಮಿನ್ ಮತ್ತು ಫ್ಲೂಯೊಕ್ಸೆಟಿನ್ ಕ್ಲೊಪಿಡೊಗ್ರೆಲ್ ಕೆಲಸಕ್ಕೆ ಅಡ್ಡಿ ಮಾಡಬಹುದು. ಸ್ಟೆಂಟ್ ಹೊಸದಾಗಿದ್ದರೆ "ಇದು ಕ್ಲೊಪಿಡೊಗ್ರೆಲ್ ಜೊತೆ ಆಗುತ್ತದಾ?" ಎಂದು ಹೆಸರು ಹಿಡಿದು ಕೇಳಿ.

*ವಾರ್ಫರಿನ್ ಅಥವಾ ಅಸಿನೊಕುಮರಾಲ್.* ಹೃದಯದ ಕವಾಟ ಬದಲಿಸಿದವರು ಇದನ್ನು ತೆಗೆದುಕೊಳ್ಳುತ್ತಾರೆ. ಐಎನ್‌ಆರ್ ಎಂದರೆ ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಪರೀಕ್ಷೆ. ಬಹಳ ಮಂದಿಗೆ 2ರಿಂದ 3ರ ನಡುವೆ ಇಡುತ್ತಾರೆ, ಕೆಲವು ಕೃತಕ ಕವಾಟಗಳಿಗೆ ಸ್ವಲ್ಪ ಮೇಲೆ. ಖಿನ್ನತೆಯ ಗುಳಿಗೆ ಶುರು ಮಾಡಿದಾಗ, ಡೋಸ್ ಬದಲಾದಾಗ, ನಿಲ್ಲಿಸಿದಾಗ ಐಎನ್‌ಆರ್ ಮತ್ತೆ ಮಾಡಿಸಬೇಕು. ಮೊದಲ ಪರೀಕ್ಷೆ ಸಾಮಾನ್ಯವಾಗಿ ಒಂದು ವಾರದೊಳಗೆ. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಖಿನ್ನತೆಯಲ್ಲಿ ಊಟ ಬಿಟ್ಟಿರುತ್ತಾರೆ. ಗುಳಿಗೆ ಕೆಲಸ ಮಾಡಲು ಶುರುವಾದ ಮೇಲೆ ಮತ್ತೆ ರೊಟ್ಟಿ, ಮೆಂತ್ಯ ಸೊಪ್ಪಿನ ಪಲ್ಯ, ಸೊಪ್ಪಿನ ಸಾರು ಎಂದು ತಿನ್ನತೊಡಗುತ್ತಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಗುಳಿಗೆಯ ವಿರುದ್ಧ ಕೆಲಸ ಮಾಡುವುದರಿಂದ ಐಎನ್‌ಆರ್ ಇಳಿಯಬಹುದು. ಸೊಪ್ಪು ಬಿಡಬೇಕಾಗಿಲ್ಲ. ಊಟ ಬದಲಾಗಿದೆ ಎಂದು ಡಾಕ್ಟರಿಗೆ ಹೇಳಿದರೆ ಸಾಕು.

*ಮೆಟೊಪ್ರೊಲಾಲ್ ಮತ್ತು ಅದರ ಬಳಗ.* ಹೃದಯದ ಬಡಿತ ತಗ್ಗಿಸುವ ಈ ಗುಳಿಗೆಗಳನ್ನು ಬೀಟಾ ಬ್ಲಾಕರ್ ಎನ್ನುತ್ತಾರೆ. ಪ್ಯಾರೊಕ್ಸೆಟಿನ್ ಮತ್ತು ಫ್ಲೂಯೊಕ್ಸೆಟಿನ್ ಇದ್ದರೆ ಮೆಟೊಪ್ರೊಲಾಲ್ ಲಿವರ್‌ನಲ್ಲಿ ಕರಗುವುದು ನಿಧಾನವಾಗಿ, ರಕ್ತದಲ್ಲಿ ಅದರ ಪ್ರಮಾಣ ಹಲವು ಪಟ್ಟು ಏರಬಹುದು. ನೀವು ನುಂಗುವುದು ಅದೇ ಗುಳಿಗೆ, ಆದರೆ ಮೈಯೊಳಗೆ ಅದು ದೊಡ್ಡ ಡೋಸ್ ಆಗಿರುತ್ತದೆ. ನಾಡಿ ತುಂಬ ನಿಧಾನವಾಗುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ, ಮೈ ಸೋತುಹೋಗುತ್ತದೆ. ಮನೆಯವರು ಇದನ್ನು "ಖಿನ್ನತೆ ಇನ್ನೂ ಹೋಗಿಲ್ಲ" ಎಂದುಕೊಳ್ಳುತ್ತಾರೆ. ನೆಬಿವೊಲಾಲ್‌ಗೂ ಈ ಮಾತು ಅನ್ವಯಿಸುತ್ತದೆ. ಅಟೆನೊಲಾಲ್, ಬಿಸೊಪ್ರೊಲಾಲ್‌ಗೆ ಈ ತೊಂದರೆ ಕಡಿಮೆ. ಸರ್ಟ್ರಲಿನ್ ಕಡಿಮೆ ಡೋಸ್‌ನಲ್ಲಿ ಮೆಟೊಪ್ರೊಲಾಲ್ ಮೇಲೆ ಹೆಚ್ಚು ಪರಿಣಾಮ ಮಾಡುವುದಿಲ್ಲ.

*ನೀರಿನ ಗುಳಿಗೆ.* ಮೂತ್ರ ಜಾಸ್ತಿ ಮಾಡುವ ಟಾರ್ಸೆಮೈಡ್, ಫ್ಯುರೊಸೆಮೈಡ್, ಕ್ಲೋರ್‌ಥಾಲಿಡೋನ್, ಹೈಡ್ರೊಕ್ಲೋರೊಥಯಜೈಡ್. ಇವು ಉಪ್ಪಿನಂಶವಾದ ಸೋಡಿಯಂ ಅನ್ನು ಹೊರಗೆ ಕಳಿಸುತ್ತವೆ. ಎಸ್‌ಎಸ್‌ಆರ್‌ಐ ಬೇರೆ ರೀತಿಯಲ್ಲಿ, ಮೈಯಲ್ಲಿ ನೀರು ಉಳಿಯುವಂತೆ ಮಾಡಿ, ಸೋಡಿಯಂ ಇಳಿಸುತ್ತದೆ. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕು. ವಯಸ್ಸಾದ ಹೆಂಗಸರಲ್ಲಿ, ಗುಳಿಗೆ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಸೋಡಿಯಂ ಇಳಿಯುವ ಸಂಭವ ಹೆಚ್ಚು. ಲಕ್ಷಣಗಳು ಮೋಸ ಮಾಡುತ್ತವೆ: ವಾಕರಿಕೆ, ತಲೆನೋವು, ಮಂಪರು, ಮಾತು ತಡವರಿಸುವುದು, ನಡೆಯುವಾಗ ಓಲಾಡುವುದು. "ಅವ್ವನಿಗೆ ವಯಸ್ಸಾಯ್ತು, ಮರೆವು" ಎಂದು ಸುಮ್ನೆ ಬಿಟ್ಟುಬಿಡುತ್ತಾರೆ. ಏಪ್ರಿಲ್, ಮೇ ತಿಂಗಳ ನಮ್ಮ ಚಳ್ಳಕೆರೆ, ಹಿರಿಯೂರು ಕಡೆಯ ಬಿಸಿಲಿನಲ್ಲಿ ಬೆವರು ಹರಿಯುವಾಗ, ಇಲ್ಲವೇ ಭೇದಿ ಹತ್ತಿದಾಗ, ಇದು ಬೇಗ ಕೆಡುತ್ತದೆ. ಆದರೆ ನೀವಾಗಿಯೇ ಉಪ್ಪು ಜಾಸ್ತಿ ತಿನ್ನಿಸಬೇಡಿ, ಕೊಡ ಕೊಡ ನೀರು ಕುಡಿಸಲೂ ಬೇಡಿ. ಸೋತ ಹೃದಯಕ್ಕೆ ಎರಡೂ ತೊಂದರೆಯೇ. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಂತೆ ನಡೆಯಿರಿ.

*ಬಡಿತ ಸರಿಪಡಿಸುವ ಗುಳಿಗೆ ಮತ್ತು ಕ್ಯೂಟಿ.* ಹೃದಯ ಒಂದು ಸಲ ಬಡಿದ ಮೇಲೆ ಮುಂದಿನ ಬಡಿತಕ್ಕೆ ವಿದ್ಯುತ್ ತಯಾರಿ ಮಾಡಿಕೊಳ್ಳಬೇಕು. ಅದು ಹಿಡಿಯುವ ಹೊತ್ತನ್ನು ಇಸಿಜಿಯಲ್ಲಿ ಕ್ಯೂಟಿ ಎಂದು ಅಳೆಯುತ್ತಾರೆ. ನಾಡಿಯ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ್ದು ಕ್ಯೂಟಿಸಿ. ಇಸಿಜಿ ಹಾಳೆಯ ಮೇಲ್ಭಾಗದಲ್ಲಿ ಮಿಲಿಸೆಕೆಂಡ್‌ನಲ್ಲಿ ಮುದ್ರಿಸಿರುತ್ತದೆ. ಅದು 500 ದಾಟಿದರೆ ಅಪಾಯದ ಬಡಿತ ಶುರುವಾಗುವ ಭಯ ಇರುತ್ತದೆ. ಸಿಟಾಲೋಪ್ರಾಮ್ ಮತ್ತು ಎಸ್ಸಿಟಾಲೋಪ್ರಾಮ್ ಇದನ್ನು ಉದ್ದ ಮಾಡುತ್ತವೆ, ಡೋಸ್ ಏರಿದಷ್ಟೂ ಹೆಚ್ಚು. ಅದಕ್ಕೇ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಿಟಾಲೋಪ್ರಾಮ್‌ಗೆ ದಿನಕ್ಕೆ 40 ಮಿಲಿಗ್ರಾಂ ಮಿತಿ ಹಾಕಿತು. 2012ರಲ್ಲಿ 60 ದಾಟಿದವರಿಗೆ 20 ಮಿಲಿಗ್ರಾಂ ಎಂದಿತು. ಬ್ರಿಟನ್‌ನಲ್ಲಿ 65 ದಾಟಿದವರಿಗೆ ಎಸ್ಸಿಟಾಲೋಪ್ರಾಮ್ ಮಿತಿ 10 ಮಿಲಿಗ್ರಾಂ. ಅಮಿಯೊಡರೋನ್, ಸೊಟಲಾಲ್, ಎದೆನೋವಿಗೆ ಕೊಡುವ ರಾನೊಲಜಿನ್, ಇವೂ ಕ್ಯೂಟಿ ಉದ್ದ ಮಾಡುವವೇ. ಎರಡೂ ಕಡೆಯ ಗುಳಿಗೆ ನಿಮ್ಮ ಪಟ್ಟಿಯಲ್ಲಿ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

*ನಾಲಿಗೆ ಕೆಳಗಿಡುವ ಗುಳಿಗೆ.* ಅಮಿಟ್ರಿಪ್ಟಿಲಿನ್ ಥರದ ಗುಳಿಗೆಯಿಂದ ಬಾಯಿ ಒಣಗುತ್ತದೆ. ಒಣಗಿದ ಬಾಯಲ್ಲಿ ಎದೆನೋವಿನ ಗುಳಿಗೆ ಬೇಗ ಕರಗುವುದಿಲ್ಲ. ಇಡುವ ಮುಂಚೆ ಒಂದು ಗುಟುಕು ನೀರಿನಿಂದ ಬಾಯಿ ತೇವ ಮಾಡಿಕೊಳ್ಳಿ.

4. ಶುರು ಮಾಡುವ ಮುಂಚೆ ಈ ಪರೀಕ್ಷೆಗಳ ಬಗ್ಗೆ ಕೇಳಿ

ಹಳೆಯ ಇಸಿಜಿ ಇದ್ದರೆ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಒಂದು ಹೊಸದು. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್. ವಾರ್ಫರಿನ್ ಇದ್ದವರಿಗೆ ಐಎನ್‌ಆರ್. ಥೈರಾಯ್ಡ್ ಕೂಡ ನೋಡಿಸುವುದು ಒಳ್ಳೆಯದು, ಏಕೆಂದರೆ ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯಂತೆಯೇ ಕಾಣುತ್ತದೆ. ಅಮಿಯೊಡರೋನ್ ಥೈರಾಯ್ಡನ್ನು ಕೆಡಿಸಬಲ್ಲದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಂಥ ಕಡೆ ದೈಹಿಕ ಕಾಯಿಲೆ, ಮಾನಸಿಕ ಕಾಯಿಲೆ ಎರಡಕ್ಕೂ ತೋರಿಸಬಹುದು. ಎರಡೂ ಒಂದೇ ಆವರಣದಲ್ಲಿ ಆದರೆ ಒಂದು ಕಡೆಯ ಚೀಟಿಯನ್ನು ಇನ್ನೊಂದು ಕಡೆ ತೋರಿಸುವುದು ಸುಲಭ.

ಇಬ್ಬರು ಡಾಕ್ಟರು ಬೇರೆ ಊರಿನಲ್ಲಿದ್ದರೆ ಮನೋವೈದ್ಯರಿಗೆ ಡಿಸ್ಚಾರ್ಜ್ ಸಮರಿ, ಎಕೊ ರಿಪೋರ್ಟ್ ಕೊಡಿ. ಅವರ ಚೀಟಿಯ ಫೋಟೊವನ್ನು ಹಾರ್ಟ್ ಡಾಕ್ಟರ ಕಡೆಯವರಿಗೆ ಕಳಿಸಿ. ಹಾರ್ಟ್ ಡಾಕ್ಟರ ಮುಂದೆ ಖಿನ್ನತೆಯ ಗುಳಿಗೆಯ ಮಾತೆತ್ತಲು ನಾಚಿಕೆ ಪಡುವವರು ನಮ್ಮಲ್ಲಿ ಬಹಳ. ಬಿಪಿ, ಶುಗರ್ ಹೇಗೋ ಇದೂ ಹಾಗೇ, ಒಂದು ಕಾಯಿಲೆ. ಮುಚ್ಚಿಟ್ಟರೆ ತೊಂದರೆ ನಿಮಗೇ.

5. ಮೊದಲ ಆರು ವಾರ: ಒಂದು ನೋಟ್‌ಬುಕ್ ಇಡಿ

ಖಿನ್ನತೆಯ ಗುಳಿಗೆ ನುಂಗಿದ ದಿನವೇ ಮನಸ್ಸು ಹಗುರ ಆಗುವುದಿಲ್ಲ. 2ರಿಂದ 4 ವಾರ ಬೇಕು, ಪೂರ್ತಿ ಫಲ ಕಾಣಲು 6 ವಾರ ಆಗಬಹುದು. ಹೊಟ್ಟೆ ತೊಳಸುವುದು, ಭೇದಿ, ಚಡಪಡಿಕೆ, ನಿದ್ದೆ ಏರುಪೇರು, ಇವು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. "ಹತ್ತು ದಿನ ತಗೊಂಡೆ, ಬರೀ ತೊಂದರೆ ಆಯ್ತು, ಬಿಟ್ಟೆ" ಎನ್ನುವವರು ಫಲ ಬರುವ ಮುಂಚೆಯೇ ಕೈಬಿಟ್ಟಿರುತ್ತಾರೆ. ಹೃದ್ರೋಗಿಗಳಿಗೆ ಡಾಕ್ಟರು ಚಿಕ್ಕ ಡೋಸ್‌ನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಆ ಅವಸರವಿಲ್ಲದ ನಡೆಗೆ ಒಪ್ಪಿಕೊಳ್ಳಿ.

ದಿನಕ್ಕೆ ಒಂದು ಸಾಲು ಬರೆದರೆ ಸಾಕು: ಬಿಪಿ, ನಾಡಿ, ನಿದ್ದೆ, ಊಟ, ಮನಸ್ಸು ಹೇಗಿತ್ತು. ನಾಡಿ ನೋಡುವಾಗ ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಿಹೋದ ಬಡಿತ ಗೊತ್ತಾಗುವುದಿಲ್ಲ. 50ಕ್ಕಿಂತ ಕಡಿಮೆ ಇದ್ದರೆ, ಅಥವಾ ನಾಡಿ ನಿಧಾನವಾಗಿ ತಲೆ ಸುತ್ತು ಬರುತ್ತಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಸೋಡಿಯಂ ಪರೀಕ್ಷೆಯನ್ನು ವಯಸ್ಸಾದವರಿಗೆ, ನೀರಿನ ಗುಳಿಗೆ ಇರುವವರಿಗೆ ಎರಡನೇ ವಾರದ ಹೊತ್ತಿಗೆ ಮತ್ತೊಮ್ಮೆ ಮಾಡಿಸುವ ಬಗ್ಗೆ ಕೇಳಿ. ಡೋಸ್ ಏರಿಸಿದ ಮೇಲೆ ಇಸಿಜಿ ಬೇಕಾ ಎಂದೂ ಕೇಳಿ.

ಈ ವಾರಗಳಲ್ಲಿ ಗುಳಿಗೆ ಡಬ್ಬಿ ಮನೆಯ ಇನ್ನೊಬ್ಬರ ಕೈಯಲ್ಲಿರಲಿ, ದಿನದ ಗುಳಿಗೆ ಮಾತ್ರ ರೋಗಿಗೆ ಕೊಡಿ. ಟ್ರೈಸೈಕ್ಲಿಕ್ ಗುಳಿಗೆ, ಬೀಟಾ ಬ್ಲಾಕರ್ ಎರಡೂ ಅತಿಯಾದರೆ ಹೃದಯಕ್ಕೆ ಬಹಳ ಅಪಾಯ. ಸಾಯುವ ಮಾತು ಆಡಿದರೆ "ಸುಮ್ನೆ ಅಂತಾರೆ" ಎಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

6. ಕೆಡಿಸುವುದು ಮೂರನೇ ಗುಳಿಗೆ

ಎರಡು ಗುಳಿಗೆಗಳನ್ನು ಡಾಕ್ಟರು ಯೋಚಿಸಿ ಹೊಂದಿಸಿರುತ್ತಾರೆ. ಯಾರನ್ನೂ ಕೇಳದೆ ಒಳಗೆ ಬರುವ ಮೂರನೆಯದು ಆ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ನಾನು ಕೌಂಟರ್‌ನಲ್ಲಿ ಅತಿ ಹೆಚ್ಚು ಎಚ್ಚರ ಹೇಳುವುದು ಇದರ ಬಗ್ಗೆಯೇ.

ಮೊದಲನೆಯದು ನೋವಿನ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಸೊಂಟ ನೋವು, ಮಂಡಿ ನೋವು ಎಂದು ಇವನ್ನು ಕೇಳಿ ಬರುವವರು ಬಹಳ. ಆಸ್ಪಿರಿನ್ ಜೊತೆ ಎಸ್‌ಎಸ್‌ಆರ್‌ಐ, ಅದರ ಮೇಲೆ ಇದು ಸೇರಿದರೆ ಹೊಟ್ಟೆಯಲ್ಲಿ ರಕ್ತ ಬೀಳುವ ಭಯ ಜಾಸ್ತಿ. ಮೈಯಲ್ಲಿ ನೀರು ತುಂಬಿ ಸೋತ ಹೃದಯಕ್ಕೂ ಹೊರೆ. ಪ್ಯಾರಾಸಿಟಮಾಲ್ ಮೇಲು, ಅದೂ ಮಿತಿಯಲ್ಲಿ. ಟ್ರಮಡಾಲ್ ಇರುವ ನೋವಿನ ಗುಳಿಗೆಯೂ ಎಸ್‌ಎಸ್‌ಆರ್‌ಐ ಜೊತೆ ಬೇಡ. ಸಿರೊಟೊನಿನ್ ಅತಿಯಾಗಿ ನಡುಕ, ಬೆವರು, ಜ್ವರ, ಗೊಂದಲ ಬರಬಹುದು. ಒಣ ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್‌ಗೂ ಇದೇ ಮಾತು.

ಗ್ಯಾಸ್ ಕ್ಯಾಪ್ಸೂಲ್. ಪಾಂಟೊಪ್ರಜೋಲ್ ಒಂದೇ ಇದ್ದರೆ ತೊಂದರೆ ಇಲ್ಲ. ಆದರೆ ಅಂಗಡಿಯಲ್ಲಿ ಸುಲಭವಾಗಿ ಕೈಗೆ ಬರುವುದು ಡಾಂಪೆರಿಡೋನ್ ಸೇರಿಸಿದ್ದು. ಡಾಂಪೆರಿಡೋನ್ ಕ್ಯೂಟಿ ಉದ್ದ ಮಾಡುತ್ತದೆ. ವಾಂತಿಯ ಒಂಡಾನ್‌ಸೆಟ್ರಾನ್, ಗಂಟಲಿಗೆ ಕೊಡುವ ಅಜಿತ್ರೊಮೈಸಿನ್, ಜ್ವರಕ್ಕೆ ಲೆವೊಫ್ಲಾಕ್ಸಸಿನ್, ಚರ್ಮದ ಹುಳುಕಡ್ಡಿಗೆ ಫ್ಲುಕೊನಜೋಲ್, ಇವೂ ಹಾಗೇ. ಭೇದಿಯಾಗಿ ಪೊಟ್ಯಾಸಿಯಂ ಇಳಿದಿರುವಾಗ ಇವುಗಳ ಜೊತೆ ಎಸ್ಸಿಟಾಲೋಪ್ರಾಮ್ ಇದ್ದರೆ ಅಪಾಯ ಒಂದರ ಮೇಲೊಂದು ಸೇರುತ್ತದೆ. ಶೀತದ ಗುಳಿಗೆಯಲ್ಲಿರುವ ಫಿನೈಲ್‌ಎಫ್ರಿನ್ ಬಿಪಿ ಏರಿಸುತ್ತದೆ.

ಕೊನೆಯದನ್ನು ಗಂಡಸರು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಇದು ಜೀವದ ವಿಷಯ. ಎಸ್‌ಎಸ್‌ಆರ್‌ಐ ಗುಳಿಗೆಯಿಂದ ಲೈಂಗಿಕ ಆಸಕ್ತಿ, ಶಕ್ತಿ ಕಡಿಮೆಯಾಗಬಹುದು. ಬೀಟಾ ಬ್ಲಾಕರ್‌ನಿಂದಲೂ ಆಗಬಹುದು. ಡಾಕ್ಟರಿಗೆ ಹೇಳಲು ಸಂಕೋಚಪಟ್ಟು, ಗೊತ್ತಿಲ್ಲದ ಅಂಗಡಿಯಲ್ಲಿ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ತರುತ್ತಾರೆ. ಎದೆನೋವಿಗೆ ಐಸೊಸಾರ್ಬೈಡ್, ನೈಟ್ರೊಗ್ಲಿಸರಿನ್, ನಿಕೊರಾಂಡಿಲ್ ತೆಗೆದುಕೊಳ್ಳುತ್ತಿರುವವರು ಇದನ್ನು ನುಂಗಿದರೆ ಬಿಪಿ ಒಮ್ಮೆಲೇ ಕುಸಿದು ಪ್ರಾಣ ಹೋಗಬಹುದು. ಮನೋವೈದ್ಯರಿಗೆ ನೇರವಾಗಿ ಹೇಳಿ. ಡೋಸ್ ತಗ್ಗಿಸುವುದೋ, ಗುಳಿಗೆ ಬದಲಿಸುವುದೋ, ಅವರಿಗೆ ದಾರಿ ಗೊತ್ತಿದೆ. ಈಗಾಗಲೇ ಅದನ್ನು ನುಂಗಿದ ಮೇಲೆ ಎದೆನೋವು ಬಂದರೆ ನಾಲಿಗೆ ಕೆಳಗಿನ ಗುಳಿಗೆ ಇಡಬೇಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ ಅದನ್ನು ಹೇಳಿ.

ಹಾಗಾಗಿ ಯಾವ ಹೊಸ ಗುಳಿಗೆ ಬಂದರೂ, ಹಲ್ಲಿನ ಡಾಕ್ಟರು ಕೊಟ್ಟರೂ, ಮೊದಲು ಪಟ್ಟಿ ತೋರಿಸಿ.

7. ಕಾಯದೆ ಆಸ್ಪತ್ರೆಗೆ ಹೋಗಬೇಕಾದಾಗ

ಎದೆನೋವು, ಉಸಿರು ಕಟ್ಟುವುದು, ಪ್ರಜ್ಞೆ ತಪ್ಪಿ ಬೀಳುವುದು, ಬಡಿತ ಏರುಪೇರಾಗಿ ಕಣ್ಣು ಕತ್ತಲೆ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುವುದು (ಕಬ್ಬಿಣಾಂಶದ ಗುಳಿಗೆಯಿಂದಲೂ ಕಪ್ಪಾಗುತ್ತದೆ, ಆದರೂ ತೋರಿಸಿ), ರಕ್ತ ವಾಂತಿ, ನಿಲ್ಲದ ಮೂಗಿನ ರಕ್ತ. ಒಂದು ಕಡೆ ಕೈಕಾಲು ಬಲ ಹೋಗುವುದು, ಬಿದ್ದು ತಲೆಗೆ ಪೆಟ್ಟಾಗುವುದು. ಇದ್ದಕ್ಕಿದ್ದಂತೆ ಗೊಂದಲ, ಫಿಟ್ಸ್. ಜ್ವರದ ಜೊತೆ ಮೈ ಬಿಗಿತ, ನಡುಕ. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಪಟ್ಟಿಯನ್ನೂ ಗುಳಿಗೆಗಳ ಕವರನ್ನೂ ಜೊತೆಗೆ ಒಯ್ಯಿರಿ.

"ಇದು ಟೆನ್ಶನ್‌ಗೆ ಬಂದ ಎದೆನೋವು" ಎಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಸ್ಟೆಂಟ್ ಆದವರಲ್ಲಿ ಅದನ್ನು ಹೇಳಬೇಕಾದ್ದು ಇಸಿಜಿ ನೋಡಿದ ಡಾಕ್ಟರು.

8. ನಿಲ್ಲಿಸುವಾಗಲೂ ಇಬ್ಬರಿಗೂ ಹೇಳಿ

ಮನಸ್ಸು ಸರಿಯಾಯಿತು ಎಂದ ಕೂಡಲೇ ಬಿಡುವುದಲ್ಲ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಮುಂದುವರಿಸುತ್ತಾರೆ, ಖಿನ್ನತೆ ಮತ್ತೆ ಮತ್ತೆ ಬಂದವರಿಗೆ ಇನ್ನೂ ಹೆಚ್ಚು. ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತು, ಸಿಡುಕು, ಮೈಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಎದೆ ಡವಡವ. ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಲ್ಲಿ ಇದು ಜಾಸ್ತಿ. ಹೃದ್ರೋಗಿಗಳು ಇದನ್ನು ಮತ್ತೆ ಹಾರ್ಟ್ ತೊಂದರೆ ಎಂದುಕೊಂಡು ಗಾಬರಿಯಾಗುತ್ತಾರೆ. ಡಾಕ್ಟರು ಹೇಳಿದಂತೆ ವಾರಗಳ ಲೆಕ್ಕದಲ್ಲಿ ಇಳಿಸುತ್ತ ಬನ್ನಿ. ಊರಿಗೆ ಹೋಗುವಾಗ, ಜಾತ್ರೆ, ಮದುವೆ ಸೀಸನ್‌ನಲ್ಲಿ ಗುಳಿಗೆ ಮುಗಿದುಹೋಗುವುದೇ ಹೆಚ್ಚು. ಒಂದು ವಾರದ ಗುಳಿಗೆ ಕೈಯಲ್ಲಿರುವಾಗಲೇ ತಂದಿಡಿ.

ಹಾರ್ಟಿನ ಗುಳಿಗೆಗಳಲ್ಲಿ ಬೀಟಾ ಬ್ಲಾಕರ್ ಮತ್ತು ಸ್ಟೆಂಟ್ ಆದ ಮೇಲಿನ ರಕ್ತ ತೆಳುವಾಗುವ ಗುಳಿಗೆ, ಇವೆರಡನ್ನು ಒಂದು ದಿನವೂ ನೀವಾಗಿ ನಿಲ್ಲಿಸಬೇಡಿ. ಮೊದಲನೆಯದನ್ನು ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು, ಎರಡನೆಯದನ್ನು ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು.

ಖಿನ್ನತೆಯ ಗುಳಿಗೆ ಇಳಿಸುವಾಗ ಹಾರ್ಟ್ ಡಾಕ್ಟರಿಗೆ ತಿಳಿಸಬೇಕಾದ ಕಾರಣ ಇದು: ಮೊದಲು ಹೊಂದಿಸಿದ ಲೆಕ್ಕ ಈಗ ತಿರುಗುತ್ತದೆ. ಪ್ಯಾರೊಕ್ಸೆಟಿನ್ ನಿಂತ ಮೇಲೆ ಮೆಟೊಪ್ರೊಲಾಲ್ ಬೇಗ ಕರಗಿ, ನಾಡಿ ಮತ್ತು ಬಿಪಿ ಮೇಲೇರಬಹುದು. ವಾರ್ಫರಿನ್ ಇದ್ದವರ ಐಎನ್‌ಆರ್ ಬದಲಾಗಬಹುದು. ಫ್ಲೂಯೊಕ್ಸೆಟಿನ್ ಆದರೆ ನಿಲ್ಲಿಸಿದ ಮೇಲೂ ಸುಮಾರು 5 ವಾರ ಮೈಯಲ್ಲಿ ಇರುತ್ತದೆ. ಹಾಗಾಗಿ ಬದಲಾವಣೆ ಕಾಣುವುದು ತಡವಾಗಿ, ಅಷ್ಟರಲ್ಲಿ ಗುಳಿಗೆ ನಿಲ್ಲಿಸಿದ್ದೇ ಮರೆತುಹೋಗಿರುತ್ತದೆ. ನಿಲ್ಲಿಸಿದ ತಾರೀಖನ್ನು ಅದೇ ಪಟ್ಟಿಯಲ್ಲಿ ಬರೆದಿಡಿ. ಆ ತಾರೀಖಿನಿಂದ ಇನ್ನೂ ಆರು ವಾರ ನಾಡಿ, ಬಿಪಿ ಬರೆಯುವುದನ್ನು ಮುಂದುವರಿಸಿ.